ಬಾಟಿಚೆಲ್ಲಿಯ ತರುಣನೂ ಅವನ ಕೈಯ ಫಲಕವೂ

ಫ್ಲಾರೆನ್ಸಿನ ಸಾಂಡ್ರೊ ಬಾಟಿಚೆಲ್ಲಿ 1480ರ ಸುಮಾರಿನಲ್ಲಿ ರಚಿಸಿದ ತರುಣನೊಬ್ಬನ ಭಾವಚಿತ್ರವು 2021ರ ಹರಾಜಿನಲ್ಲಿ 9 ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು. ಬೆಲೆಯ ಮಾತು ಹಾಗಿರಲಿ. ವಿಮರ್ಶೆಗೆ ತೊಡಕಾಗಿರುವುದು ಆ ತರುಣನು ಎದೆಯ ಬಳಿ ಹಿಡಿದಿರುವ ದುಂಡು ಫಲಕ. ಅದರೊಳಗಿನ ಗಡ್ಡಧಾರಿ ಸಂತನು ಬಾಟಿಚೆಲ್ಲಿಯ ಸೃಷ್ಟಿಯಲ್ಲ. 14ನೆಯ ಶತಮಾನದ ಸಿಯೆನಾದವನು, ಬಾರ್ತೊಲೊಮ್ಮೆಯೊ ಬುಲ್ಗಾರಿನಿಯ ಕೃತಿಯೆಂದು ವಿದ್ವಾಂಸರ ಮತ. ಮೂಲದಲ್ಲಿ ಅಲ್ಲಿ ಬೇರೊಂದು ವಸ್ತುವಿದ್ದು, ಈ ತುಂಡನ್ನು ಅನಂತರ ಕೂಡಿಸಿರಬೇಕೆಂದು ಕೆಲವರು ಶಂಕಿಸಿದ್ದಾರೆ. ಉಫೀತ್ಸಿ ಸಂಗ್ರಹದಲ್ಲಿ ಇದೇ ಕಲಾವಿದನ ಮತ್ತೊಂದು ಚಿತ್ರವಿದೆ. ಅಲ್ಲಿ ಯುವಕನು ಹಿಡಿದಿರುವ ಕೊಸಿಮೊ ಮೆದಿಚಿಯ ಪದಕವನ್ನು ಗಚ್ಚಿನಿಂದ ಉಬ್ಬಿಸಿ ಚಿನ್ನವನ್ನು ಲೇಪಿಸಿದೆ. ಇಲ್ಲಿಯೂ ಮೊದಲು ಅಂಥದೇ ಇದ್ದಿತೆಂದು ಊಹಿಸುವುದು ನಿರಾಧಾರವೇನಲ್ಲ.

ಆದರೆ ನಮಗೆ ಅದೇ ನಿದರ್ಶನವು ವಿರುದ್ಧದ ಸಾಕ್ಷ್ಯವಾಗಿ ತೋರುತ್ತದೆ. ಬಣ್ಣದ ನಡುವೆ ಅನ್ಯವಸ್ತುವನ್ನು ನೆಡಲು ಬಾಟಿಚೆಲ್ಲಿ ಹಿಂಜರಿದವನಲ್ಲವಷ್ಟೆ! ಮೇಲಾಗಿ ತರುಣನ ಉಡುಪು ನಿರಾಭರಣ. ಹಿನ್ನೆಲೆ ಕಿಟಕಿಯ ಚೌಕಟ್ಟು ಹಾಗೂ ಬರಿಯ ನೀಲಿ ಆಕಾಶ. ಇಷ್ಟು ಬಿಗಿಹಿಡಿದ ರಚನೆಯಲ್ಲಿ ಚಿನ್ನದ ನೆಲದ ಮೇಲಣ ಆ ಹಳೆಯ ಮುಖವು ಮೇಲಿನ ಮುಖದ ಎಳೆತನವನ್ನು ಎತ್ತಿ ತೋರಿಸುತ್ತದೆ. ಪದಕವೊಂದು ಈ ಕೆಲಸವನ್ನು ಮಾಡಲಾರದು. ಆದಕಾರಣ ಫಲಕವು ಮೊದಲಿನಿಂದಲೂ ಚಿತ್ರದ್ದೇ ಎಂಬ ಪಕ್ಷವನ್ನೇ ನಾವು ಹಿಡಿಯುತ್ತೇವೆ.