ಹೆಸರು ಹೇಳಿದರೆ ಕುಲ ಗೊತ್ತಾಗುವ ವಸ್ತುಗಳು

1

ಹೋದ ವರ್ಷ ಹಾವೇರಿಯ ಒಂದು ಕಾಲೇಜಿನಲ್ಲಿ ಜಾನಪದ ಉತ್ಸವ ನಡೆಯಿತು. ರಾಣೆಬೆನ್ನೂರಿನಲ್ಲಿ ಕನ್ನಡ ಪಾಠ ಹೇಳುವ ನನಗೂ ಕರೆ ಬಂದಿತ್ತು. ಹುಡುಗ ಹುಡುಗಿಯರು ತಮ್ಮ ಊರುಗಳ ಹಳೇ ಸಾಮಾನುಗಳ ಫೋಟೋ ತೆಗೆದು, ದೊಡ್ಡದು ಮಾಡಿಸಿ, ಒಂದು ಕೋಣೆಯ ಗೋಡೆ ತುಂಬ ಅಂಟಿಸಿದ್ದರು. ಯಾರು ತೆಗೆದದ್ದು ಎಂದು ಬರೆದಿರಲಿಲ್ಲ. ಪ್ರತಿ ಫೋಟೋದ ಕೆಳಗೆ ಒಂದು ಖಾಲಿ ಚೀಟಿ. ನೋಡಿದವರು ಅದರಲ್ಲಿ ವಸ್ತುವಿನ ಹೆಸರು ಬರೆಯಬೇಕು. ಹೆಚ್ಚು ಹೆಸರು ಸರಿ ಬರೆದವರಿಗೆ ಬಹುಮಾನ. ನನ್ನ ಕೆಲಸ ತೀರ್ಪು ಹೇಳುವುದು.

ಕೂರಿಗೆ, ಎಡೆಕುಂಟೆ, ಬೀಸುವ ಕಲ್ಲು, ಕಡಗೋಲು, ಸೇರು, ಪಾವು, ಚಟಾಕು ಇವಕ್ಕೆಲ್ಲ ಹೆಸರು ಸಿಕ್ಕಿತು. ಕೂರಿಗೆಯ ಬೀಜದ ಬಟ್ಟಲನ್ನು ಬಿಡಿಯಾಗಿ ತೆಗೆದ ಫೋಟೋ ಮುಂದೆ ಸ್ವಲ್ಪ ಹೊತ್ತು ಗದ್ದಲವಾಯಿತು. ಅದು ಎಣ್ಣೆ ಬಟ್ಟಲು ಎಂದರು ಕೆಲವರು. ಬ್ಯಾಡಗಿ ಕಡೆಯ ಒಬ್ಬ ಹುಡುಗಿ ತಳದ ತೂತುಗಳನ್ನು ತೋರಿಸಿ ಬಾಯಿ ಮುಚ್ಚಿಸಿದಳು. ತೊಗಲಿನ ಮಿಣಿ, ಬಾರಕೋಲುಗಳಿಗೂ ಹೆಸರು ಬಂತು.

ಕೊನೆಗೆ ಮೂರು ಉಳಿದವು. ಒಂದು, ಅರ್ಧಚಂದ್ರದಂಥ ಅಗಲ ಬಾಯಿಯ, ಗಿಡ್ಡ ಹಿಡಿಕೆಯ ಕಬ್ಬಿಣ. ಎರಡನೆಯದು, ಮರದ ಹಿಡಿಗೆ ಸಿಗಿಸಿದ, ತುದಿಯಲ್ಲಿ ಕಚ್ಚು ಇರುವ ಸೂಜಿ. ಮೂರನೆಯದು, ಮೇಲ್ಮೈ ತುಂಬ ಗಾಯಗಳಿದ್ದ ಮರದ ಕೊರಡು. ಚೀಟಿಗಳ ಮೇಲೆ ‘ಕೊಬ್ಬರಿ ಹೆರೆಯುವ ಕತ್ತಿ’, ‘ಗೋಣಿಚೀಲ ಹೊಲಿಯುವ ದಬ್ಬಣ’, ‘ಕೂಡುವ ಮಣೆ’ ಎಂದು ಏನೇನೋ ಬಿದ್ದಿತ್ತು. ಸಂಘಟಕರು ನನ್ನ ಮುಖ ನೋಡಿದರು: “ಸರ್, ಇವು ಏನಿರಬಹುದ್ರಿ?” ನಾನು “ನೋಡೂಣ್ರಿ” ಎಂದೆ. ಸಂಜೆಗೆ ಆ ಮೂರರ ಕೆಳಗೆ ‘ಗುರುತು ಸಿಗದ ವಸ್ತು’ ಎಂದು ದುಂಡಗೆ ಬರೆದು ಅಂಟಿಸಿದರು.

ನನಗೆ ಗುರುತು ಸಿಕ್ಕಿತ್ತು. ಮೊದಲನೆಯದು ರಂಪಿಗೆ. ಎರಡನೆಯದು ಆರಿ. ಮೂರನೆಯದು ಅವೆರಡಕ್ಕೂ ಅಡಿಯಲ್ಲಿ ಆಸರೆಯಾಗುವ ಕೊರಡು. ಮೂರೂ ಚರ್ಮದ ಕೆಲಸದವು. ಮೂರೂ ನಮ್ಮ ಮನೆಯಲ್ಲಿದ್ದವು.

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ಪಕ್ಕಕ್ಕೆ ಬಂದು ನಿಂತ. “ಸರ್, ಅದು ನಮ್ಮಜ್ಜನ ರಂಪಗಿರಿ. ಫೋಟೋ ನಾನ ತೆಗದದ್ದು.” “ಮತ್ತ ಹೆಸರು ಯಾಕ ಬರೀಲಿಲ್ಲೊ?” ಎಂದು ಕೇಳಿದೆ. “ಬರದ್ರ ಕೇಳ್ತಾರಲ್ರಿ ಸರ್, ನಿನಗ ಹೆಂಗ ಗೊತ್ತು ಅಂತ.” ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: “ನಿಮಗೂ ಗೊತ್ತಿತ್ತಲ್ರಿ?”

ಈ ಲೇಖನ ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ.

2

ಫೋಟೋ ನೋಡಿ ವಸ್ತುವಿನ ಗುರುತು ಹಿಡಿಯುವುದು ಒಂದು ವಿದ್ಯೆ. ಫೋಟೋದಲ್ಲಿ ತೂಕವಿಲ್ಲ, ವಾಸನೆಯಿಲ್ಲ. ಪಕ್ಕದಲ್ಲಿ ಒಂದು ನಾಣ್ಯವನ್ನಾದರೂ ಇಡದಿದ್ದರೆ ಗಾತ್ರವೂ ತಿಳಿಯುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದ್ದು ಬಾಯಿ ಎತ್ತ ಬಾಗಿದೆ ಎಂಬುದನ್ನು. ಕುಡುಗೋಲಿನ ಬಾಯಿ ಒಳಕ್ಕೆ ಬಾಗಿರುತ್ತದೆ, ಯಾಕೆಂದರೆ ಕೈ ಅದನ್ನು ತನ್ನ ಕಡೆಗೆ ಎಳೆಯುತ್ತದೆ. ಈಳಿಗೆಯಲ್ಲಿ ಅಲಗು ಸುಮ್ಮನೆ ನಿಂತು ಕಾಯಿಪಲ್ಲೆ ಹಿಡಿದ ಕೈ ಆಡುತ್ತದೆ. ರಂಪಿಗೆಯ ಬಾಯಿ ಹೊರಕ್ಕೆ ಉಬ್ಬಿದೆ: ಚರ್ಮ ಕೊರಡಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಕೈ ಅಲಗನ್ನು ಮುಂದಕ್ಕೆ ಒತ್ತುತ್ತ, ತೂಗುತ್ತ ಹೋಗುತ್ತದೆ. ಅದು ಕತ್ತರಿಸುತ್ತದೆ, ಅಂಚನ್ನು ತೆಳ್ಳಗೆ ಹೆರೆಯುತ್ತದೆ. ಆರಿಯ ತುದಿಯ ಕಚ್ಚು ತೂತು ಮಾಡಲು ಇರುವುದಲ್ಲ. ತೂತಿನಾಚೆಯ ದಾರವನ್ನು ಕೊಕ್ಕೆ ಹಾಕಿ ಈಚೆಗೆ ಎಳೆಯಲು ಇರುವುದು.

ಎರಡನೆಯದು ಸವಕಳಿ. ಹಿಡಿಕೆ ಎಲ್ಲಿ ನುಣುಪಾಗಿದೆಯೋ ಅಲ್ಲಿ ಒಂದು ಅಂಗೈ ಇತ್ತು. ಆ ಫೋಟೋದ ರಂಪಿಗೆಯ ಬಾಯಿ ಒಂದು ಪಕ್ಕಕ್ಕೆ ಹೆಚ್ಚು ಸವೆದಿತ್ತು. ಒಂದೇ ಕೈ, ಒಂದೇ ಕೋನದಲ್ಲಿ, ಒಂದು ಆಯುಷ್ಯದಷ್ಟು ಒತ್ತಿದೆ ಎಂದು ಅದರ ಅರ್ಥ.

ಈ ಮಾತುಗಳನ್ನೆಲ್ಲ ಅಂದು ಆ ಕೋಣೆಯಲ್ಲೇ ಹೇಳಬಹುದಾಗಿತ್ತು. ಹೇಳಲಿಲ್ಲ. ಹಾಗಾಗಿ ನನ್ನ ಮೊದಲ ವಾದ ಇದು: ನಮ್ಮಲ್ಲಿ ‘ಗುರುತು ಸಿಗದ ವಸ್ತು’ ಎಂಬುದು ಯಾವಾಗಲೂ ಅಜ್ಞಾನದ ಹೆಸರಲ್ಲ. ಎಷ್ಟೋ ಸಲ ಅದು ಗೊತ್ತಿದ್ದವರ ಮೌನದ ಹೆಸರು. ಕೂರಿಗೆಯ ಹೆಸರು ಹೇಳಿದವರು ಕೂರಿಗೆಯ ಹೆಸರನ್ನು ಮಾತ್ರ ಹೇಳಿದ ಹಾಗಾಗುತ್ತದೆ. ರಂಪಿಗೆಯ ಹೆಸರು ಹೇಳಿದವರು ತಮ್ಮ ಕೇರಿಯ ಹೆಸರನ್ನೂ ಹೇಳಿದ ಹಾಗಾಗುತ್ತದೆ. ವಸ್ತುವಿನ ಗುರುತು ಹಿಡಿದವರ ಗುರುತು ಹಿಡಿಯಲು ಜನ ಕಾದಿರುತ್ತಾರೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದೇ ಗೋಡೆಯ ಮೇಲೆ ಮಿಣಿಗೂ ಬಾರಕೋಲಿಗೂ ಗುರುತು ಸಿಕ್ಕಿತ್ತು. ಅವು ರೈತನ ಮನೆಗೆ ಬಂದ ಮೇಲೆ ರೈತನವಾದವು. ಅವನ್ನು ಮಾಡಿದ ಹತಾರ ಕೇರಿಯಲ್ಲೇ ಉಳಿಯಿತು. ಮಾಡಿದ ವಸ್ತು ಊರೊಳಗೆ ಬರಬಹುದು. ಮಾಡಿದ ಕೈ, ಆ ಕೈಯ ಕಬ್ಬಿಣ ಬರುವಂತಿಲ್ಲ. ಊರು–ಕೇರಿಗಳ ನಡುವಿನ ಗೆರೆ ಆ ಗೋಡೆಯ ಮೇಲೂ ಇತ್ತು.

ಇದೇ ಸಂಗತಿ ಲೋಕದ ಮಟ್ಟದಲ್ಲೂ ನಡೆದದ್ದನ್ನು ನಾವು ಈಚೆಗೆ ನೋಡಿದ್ದೇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಶನ್ ಪ್ರದರ್ಶನದಲ್ಲಿ ಒಂದು ಬಗೆಯ ಚರ್ಮದ ಚಪ್ಪಲಿ ತೋರಿಸಿತು. ಫೋಟೋ ನೋಡಿದ ಕ್ಷಣವೇ ನಮ್ಮ ಜನ ಅದನ್ನು ಕೊಲ್ಹಾಪುರಿ ಎಂದು ಗುರುತು ಹಿಡಿದು ಗದ್ದಲ ಎಬ್ಬಿಸಿದರು. ಆಮೇಲೆ ಕಂಪನಿ ಆ ಋಣವನ್ನು ಒಪ್ಪಿಕೊಂಡಿತು. ಕೊಲ್ಹಾಪುರಿ ಚಪ್ಪಲಿಗೆ 2019ರಿಂದ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಅದು ಸೇರಿದೆ. ಒಳ್ಳೆಯದೇ. ಆದರೆ ಆ ಗುರುತು ನೆಲದ ಹೆಸರಿನದು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕಿದ್ದೂ ಅಂಥದೇ. ನೆಲದ ಹೆಸರು ಹೇಳಲು ಯಾರಿಗೂ ನಾಚಿಕೆಯಿಲ್ಲ. ಅದು ಎಲ್ಲರ ಅಭಿಮಾನ. ಚಪ್ಪಲಿಗೆ ಮಿಲಾನ್‌ನಲ್ಲೂ ಗುರುತು ಸಿಕ್ಕಿತು. ಅಂಥ ಚಪ್ಪಲಿಯ ಚರ್ಮ ಕತ್ತರಿಸುವ ರಂಪಿಗೆಗೆ ಹಾವೇರಿಯಲ್ಲಿ ಗುರುತು ಸಿಗಲಿಲ್ಲ.

3

ಫೋಟೋ ಎಂಬುದು ನಮ್ಮ ಜನರ ಪಾಲಿಗೆ ಮುಗ್ಧ ಸಾಧನವಾಗಿ ಬಂದದ್ದಲ್ಲ. ವಸಾಹತು ಸರ್ಕಾರ 1868ರಿಂದ 1875ರವರೆಗೆ ‘ದ ಪೀಪಲ್ ಆಫ್ ಇಂಡಿಯಾ’ ಎಂದು ಎಂಟು ಸಂಪುಟಗಳನ್ನು ಫೋಟೋ ಸಮೇತ ತಂದಿತು. 1909ರಲ್ಲಿ ಥರ್ಸ್ಟನ್ ಮತ್ತು ರಂಗಾಚಾರಿಯವರ ಏಳು ಸಂಪುಟಗಳು ದಕ್ಷಿಣದ ಜಾತಿ ಬುಡಕಟ್ಟುಗಳ ಮೇಲೆ ಬಂದವು. ಅಲ್ಲಿ ಮನುಷ್ಯನೇ ಮಾದರಿ ವಸ್ತು. ಫೋಟೋದ ಕೆಳಗೆ ಅವನ ಹೆಸರಿರುವುದಿಲ್ಲ, ಜಾತಿಯ ಹೆಸರಿರುತ್ತದೆ. ಇಂದಿನ ಜಾನಪದ ಪ್ರದರ್ಶನಗಳಲ್ಲಿ ಇದು ತಿರುವುಮುರುವಾಗಿದೆ: ವಸ್ತುವಿದೆ, ಮನುಷ್ಯನಿಲ್ಲ, ಜಾತಿಯ ಮಾತಂತೂ ಇಲ್ಲವೇ ಇಲ್ಲ. ಜಾತಿಯ ಹೆಸರು ಬರೆಯದಿರುವುದನ್ನು ಸೌಜನ್ಯ ಎಂದು ನಮ್ಮವರು ತಿಳಿದಿದ್ದಾರೆ. ಒಂದರಲ್ಲಿ ಜಾತಿಯೇ ಮನುಷ್ಯನನ್ನು ನುಂಗಿತು. ಇನ್ನೊಂದರಲ್ಲಿ ‘ಜನಪದ’ ಎಂಬ ಸವಿಯಾದ ಮಾತು ನುಂಗುತ್ತಿದೆ. ‘ಜನಪದ’ ಎಂದರೆ ಯಾರು? ಕೂರಿಗೆ ಹಿಡಿದವನೂ, ಆ ಕೂರಿಗೆಗೆ ಮಿಣಿ ಹೊಸೆದುಕೊಟ್ಟು ಸುಗ್ಗಿಯಲ್ಲಿ ಕಣದ ಅಂಚಿಗೆ ಆಯಕ್ಕಾಗಿ ನಿಂತವನೂ ಒಂದೇ ಜನಪದವೆ?

ನಮ್ಮ ಜಿಲ್ಲೆಯಲ್ಲೇ, ಗೊಟಗೋಡಿಯಲ್ಲಿ, 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವಿದೆ. ಮೈಸೂರಿನಲ್ಲಿ, ರಾಮನಗರದ ಜಾನಪದ ಲೋಕದಲ್ಲಿ ಹಿರಿಯರು ಕಷ್ಟಪಟ್ಟು ಕೂಡಿಸಿದ ಸಂಗ್ರಹಗಳಿವೆ. ಆ ಶ್ರಮದ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಸಂಗ್ರಹಿಸುವುದರ ಮೇಲಲ್ಲ, ಹೆಸರಿಡುವ ಕ್ರಮದ ಮೇಲೆ.

ಈ ತಕರಾರು ಸಾಹಿತ್ಯ ವಿಮರ್ಶೆಗೂ ಅನ್ವಯಿಸುತ್ತದೆ. ಬಸವಣ್ಣನೇ ತನ್ನ ತಂದೆಯೆಂದು ಕರೆದ ಮಾದಾರ ಚೆನ್ನಯ್ಯನ ಅಂಕಿತವನ್ನು ನೋಡಿ. ಬೇರೆ ವಚನಕಾರರು ತಮ್ಮೂರಿನ, ತಮ್ಮ ಮನಸ್ಸಿನ ಶಿವನ ಹೆಸರನ್ನಷ್ಟೇ ಇಡುವ ಜಾಗದಲ್ಲಿ ಇವನು ಮೊದಲು ಹತಾರಗಳನ್ನು ಇಟ್ಟಿದ್ದಾನೆ: ಕೈಯುಳಿ, ಕತ್ತಿ, ಅಡಿಗುಂಟ. ಆಮೇಲೆ ಬರುತ್ತದೆ ದೇವರ ಹೆಸರು. ನಾನು ಎರಡು ವರ್ಷ ಈ ವಚನಕಾರನನ್ನು ಪಾಠ ಮಾಡಿದ್ದೇನೆ. ಎರಡು ವರ್ಷವೂ ‘ಇದು ಅವನ ಅಂಕಿತನಾಮ’ ಎಂದು ಒಂದೇ ಮಾತಲ್ಲಿ ಮುಗಿಸಿ ಮುಂದೆ ಹೋದೆ. ಅಡಿಗುಂಟ ಅಂದರೇನು ಸರ್ ಎಂದು ಹಿಂದಿನ ಬೆಂಚಿನ ಒಬ್ಬ ಕೇಳಿದಾಗ ‘ಅದೊಂದು ಸಂಕೇತ’ ಎಂದೆ. ಸಂಕೇತವೇನೋ ಹೌದು. ಆದರೆ ಸಂಕೇತವಾಗುವ ಮೊದಲು ಅದು ಅಡಿಯಲ್ಲಿ ಇಟ್ಟುಕೊಳ್ಳುವ ಕೊರಡು. ಮೇಲಿನಿಂದ ಬೀಳುವ ಪ್ರತಿ ಪೆಟ್ಟನ್ನೂ ತಿನ್ನುವ ವಸ್ತು. ಅದನ್ನು ಕಂಡವರಿಗೆ ಮಾತ್ರ ಅಂಥ ವಸ್ತುವಿಗೆ ಅಡಿಯಾಗಬೇಡ ಎಂಬ ಎಚ್ಚರದ ಭಾರ ತಿಳಿಯುತ್ತದೆ. ಹತಾರವನ್ನು ನೇರವಾಗಿ ಅಧ್ಯಾತ್ಮಕ್ಕೆ ಏರಿಸುವ ನಮ್ಮ ವಿಮರ್ಶೆ ‘ಗುರುತು ಸಿಗದ ವಸ್ತು’ ಎಂದು ಚೀಟಿ ಅಂಟಿಸುವುದಕ್ಕಿಂತ ಬೇರೆಯೇನಲ್ಲ. ಅದರ ಅಕ್ಷರ ಇನ್ನಷ್ಟು ದುಂಡಗಿದೆ, ಅಷ್ಟೇ.

ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಚೌಡಯ್ಯದಾನಪುರವಿದೆ. ಆ ಅಂಬಿಗರ ಚೌಡಯ್ಯ ತನ್ನ ಕಸುಬು, ತನ್ನ ಹೆಸರು ಎರಡನ್ನೂ ಸೇರಿಸಿ ಅದನ್ನೇ ಅಂಕಿತ ಮಾಡಿಕೊಂಡ. ದೇವರ ಹೆಸರಿನ ಆಸರೆಯನ್ನೂ ಕೇಳಲಿಲ್ಲ. ಎಂಟು ನೂರು ವರ್ಷಕ್ಕೂ ಹಿಂದೆ ಕಸುಬನ್ನು ಸಹಿಯಾಗಿ ಹಾಕಿದವರು ಇದ್ದ ನಾಡಿನಲ್ಲಿ, ಇಂದು ಡಿಗ್ರಿ ಓದುವ ಹುಡುಗನೊಬ್ಬ ಅಜ್ಜನ ಹತಾರದ ಹೆಸರು ಬರೆಯಲು ಪೆನ್ನು ಎತ್ತಿ ಮತ್ತೆ ಇಳಿಸುತ್ತಾನೆ. ಅವನ ಮೇಷ್ಟ್ರೂ ಇಳಿಸುತ್ತಾರೆ. ದಲಿತ ವಿಮರ್ಶೆ ವಚನ ಪರಂಪರೆಯ ಜೊತೆ ಮುಖಾಮುಖಿಯಾಗಬೇಕಾದ್ದು ಈ ಜಾಗದಲ್ಲಿ ಎಂದು ನನಗನ್ನಿಸುತ್ತದೆ.

4

ಇಲ್ಲಿ ಒಂದು ಅಪಾಯವಿದೆ. ಇಷ್ಟು ಹೇಳಿದ ಮೇಲೆ ರಂಪಿಗೆಯನ್ನು ತೊಳೆದು, ಅರಿಶಿನ ಹಚ್ಚಿ, ನಮ್ಮ ಸಂಸ್ಕೃತಿ ಎಂದು ಮೆರವಣಿಗೆ ಮಾಡಲು ಕೆಲವರು ಸಿದ್ಧರಾಗುತ್ತಾರೆ. ನೇಕಾರರ ಮನೆಯಿಂದ ಬಂದ ಡಿ.ಆರ್. ನಾಗರಾಜ್ (1954–1998) ಕುಶಲಕರ್ಮಿ ಸಮುದಾಯಗಳ ತಂತ್ರಜ್ಞಾನದ ಹತ್ಯೆಯನ್ನು ‘ಟೆಕ್ನೋಸೈಡ್’ ಎಂದು ಕರೆದರು. ಅದು ದೊಡ್ಡ ಒಳನೋಟ. ಆದರೆ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಆ ಮಾತು ಪೂರ್ತಿ ಹೊಂದುವುದಿಲ್ಲ. ನಾನು ಪಿಯುಸಿ ಸೇರಿದ ವರ್ಷ ಅಪ್ಪ ಅಜ್ಜನ ಹತಾರಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಹೋಗಿ ರಾಣೆಬೆನ್ನೂರಿನ ಗುಜರಿ ಅಂಗಡಿಗೆ ತೂಕಕ್ಕೆ ಹಾಕಿ ಬಂದರು. ಅವ್ವ ಕೇಳಿದ್ದಕ್ಕೆ, “ಇವು ಮನ್ಯಾಗ ಇದ್ರ ಇದರ ಕೈಗೆ ಬರ್ತಾವು” ಎಂದು ನನ್ನ ಕಡೆ ತೋರಿಸಿದರು. ಅದನ್ನು ಹತ್ಯೆ ಎನ್ನಲೆ? ಅಪ್ಪ ಅಂದು ಒಂದು ಬಾಗಿಲು ಮುರಿದು ನನ್ನನ್ನು ಹೊರಗೆ ಕಳಿಸಿದರು. ಜಾತಿಯೆಂದರೆ ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಅಂಬೇಡ್ಕರರು 1936ರಲ್ಲಿ ಬರೆದದ್ದನ್ನು ಅಪ್ಪ ಓದಿರಲಿಲ್ಲ. ಗುಜರಿ ಅಂಗಡಿಯ ತಕ್ಕಡಿಯ ಮುಂದೆ ನಿಂತು ತಿಳಿದುಕೊಂಡಿದ್ದರು.

ಎಲ್ಲ ಹತಾರಗಳೂ ಒಂದೇ ಅಲ್ಲ. ರಂಪಿಗೆಯಲ್ಲಿ ಕೌಶಲವಿದೆ; ಅವಮಾನ ಅದಕ್ಕೆ ಹೊರಗಿನಿಂದ ಮೆತ್ತಿದ್ದು. ಅವಮಾನವೇ ಕೆಲಸವಾಗಿದ್ದ ಹತಾರಗಳೂ ಇವೆ. 2010ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ಇದ್ದ ಮನೆಗಳಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ, ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ಸುದ್ದಿಗೆ ರಾಜ್ಯವೇ ಬೆಚ್ಚಿತು. ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು. 2013ರಲ್ಲಿ ಮತ್ತೊಂದು ಬರಬೇಕಾಯಿತು. ಮಲ ಹೊರುವ ಬಕೆಟ್ಟು ಎಲ್ಲರ ಮನೆಯ ಬಚ್ಚಲಲ್ಲಿ ಇರುವಂಥದೇ ಬಕೆಟ್ಟು. ಅದರಲ್ಲಿ ನಿಗೂಢವಾದದ್ದು ಏನೂ ಇಲ್ಲ. ಆದರೂ ಅದು ಮನುಷ್ಯರಿಂದ ಯಾವ ಕೆಲಸ ಮಾಡಿಸುತ್ತಿತ್ತು ಎಂಬ ಗುರುತು ನಾಡಿಗೆ ಸಿಗಲು ಅಂಥ ಪ್ರತಿಭಟನೆ ಬೇಕಾಯಿತು. ಅಂಥ ಹತಾರವನ್ನು ಹೆಸರಿಸಬೇಕು, ಪೂಜಿಸಬಾರದು.

ಹಾಗಾದರೆ ಚೀಟಿಯಲ್ಲಿ ಏನು ಬರೆಯಬೇಕು? ಬಳಸಿದವರ ಬಾಯಲ್ಲಿ ಅದರ ಹೆಸರೇನು, ಆ ಕೆಲಸಕ್ಕೆ ಅವರಿಗೆ ಏನು ಸಿಗುತ್ತಿತ್ತು, ಅವರು ಅದನ್ನು ಯಾಕೆ ಬಿಟ್ಟರು. ಈ ಮೂರೂ ಇಲ್ಲದ ಗುರುತು ಗುರುತಲ್ಲ. ನಾಲ್ಕನೆಯದೂ ಒಂದಿದೆ: ಗುರುತು ಹೇಳಲೇಬೇಕು ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಆ ಹುಡುಗನ ಹೆಸರು, ಊರು ನಾನಿಲ್ಲಿ ಬರೆದಿಲ್ಲ. ಬರೆಯುವ ಹಕ್ಕು ಅವನದು. ಸಂಬಳ, ಡಿಗ್ರಿ, ಕುರ್ಚಿ ಇರುವ ನನ್ನಂಥವರ ಮೌನಕ್ಕೆ ಆ ರಿಯಾಯಿತಿ ಇಲ್ಲ. ತೀರ್ಪು ಹೇಳುವ ಜಾಗದಲ್ಲಿ ನಿಂತು ನಾನು ಸುಮ್ಮನಿದ್ದುದರಿಂದ ಆ ಹುಡುಗ ಕಲಿತದ್ದು ಇಷ್ಟೇ: ಓದಿ ಮೇಷ್ಟ್ರಾದ ಮೇಲೂ ಹೇಳುವ ಹಾಗಿಲ್ಲ.

ಆದ್ದರಿಂದ ಅಂದು ಬರೆಯದೆ ಬಿಟ್ಟ ಚೀಟಿಯನ್ನು ನಮ್ಮ ಮನೆಯ ಹತಾರದ ಹೆಸರಿನಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ರಂಪಿಗೆ. ನಮ್ಮ ಮಾತಿನಲ್ಲಿ ರಂಪಗಿ. ಚರ್ಮ ಕತ್ತರಿಸುವುದಕ್ಕೆ, ಅಂಚು ಹೆರೆಯುವುದಕ್ಕೆ. ಮಾದಿಗರ ಮನೆಯದು. ಕೂಲಿ: ಸುಗ್ಗಿಯಲ್ಲಿ ಕಣದ ಕಾಳು, ಅದೂ ಎಲ್ಲರ ಆಯ ಮುಗಿದ ಮೇಲೆ. ಬಿಟ್ಟದ್ದು: ಮಗು ಓದಲಿ ಎಂದು. ಗುರುತು ಹೇಳಿದವರು: ಈ ಲೇಖನದ ಮೇಲೆ ಹೆಸರಿರುವವರು.