ಕ್ಷೇತ್ರಗಣಿತದಲ್ಲಿ ‘ವಿಷಮ’ ತ್ರಿಭುಜ: ಅರ್ಥವೂ ಪಾಠನಿರ್ಣಯವೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ (ಕ್ರಿ.ಶ. ಸು. 850) ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವು 1912ರಲ್ಲಿ ಎಂ. ರಂಗಾಚಾರ್ಯರ ಸಂಪಾದನೆಯಲ್ಲಿ ಮದರಾಸಿನಿಂದ ಪ್ರಕಟವಾಯಿತು. ಅದರ ಕ್ಷೇತ್ರಗಣಿತವ್ಯವಹಾರದಲ್ಲಿ ತ್ರಿಭುಜವು ಸಮ, ದ್ವಿಸಮ, ವಿಷಮ ಎಂದು ಮೂರು ವಿಧ. ಇಂದಿನ ಶಾಲಾಪಾಠದ ಲಘುಕೋನ, ಲಂಬಕೋನ, ವಿಶಾಲಕೋನ ಎಂಬ ವಿಭಾಗವೂ ಮೂರು ವಿಧವೇ ಆದುದರಿಂದ ಇವೆರಡನ್ನೂ ಒಂದೆಂದು ಭಾವಿಸುವ ಸಂಭವವುಂಟು. ಅದು ಯುಕ್ತವಲ್ಲವೆಂಬುದನ್ನೂ, ಅದರಿಂದ ಪಾಠನಿರ್ಣಯಕ್ಕೆ ಒದಗಬಹುದಾದ ಹಾನಿಯನ್ನೂ ಇಲ್ಲಿ ವಿವೇಚಿಸಲಾಗಿದೆ.

ಆಚಾರ್ಯರ ವಿಭಾಗವು ಭುಜಗಳನ್ನು ಆಶ್ರಯಿಸಿದೆಯೇ ಹೊರತು ಕೋನಗಳನ್ನಲ್ಲ. ಸಮತ್ರಿಭುಜದಲ್ಲಿ ಮಾತ್ರ ಭುಜಗಳೇ ಕೋನಗಳನ್ನು ನಿಶ್ಚಯಿಸುತ್ತವೆ. ಅಲ್ಲಿ ಪ್ರತಿಯೊಂದು ಕೋನವೂ 60 ಅಂಶ. ವಿಷಮದಲ್ಲಿ ಹಾಗಲ್ಲ. ಮಹಾಭುಜದ ವರ್ಗವನ್ನು ಉಳಿದೆರಡರ ವರ್ಗಗಳ ಮೊತ್ತದೊಡನೆ ಹೋಲಿಸಿದರೆ ಇದು ವಿಶದವಾಗುತ್ತದೆ. 13, 14, 15 ಭುಜಗಳಲ್ಲಿ 225 ಎಂಬುದು 365ಕ್ಕಿಂತ ಕಿರಿದು. ಆದುದರಿಂದ ಮೂರೂ ಲಘುಕೋನಗಳು. 3, 4, 5ರಲ್ಲಿ 25 ಎರಡೂ ಕಡೆ ಸಮ, ಒಂದು ಲಂಬಕೋನ. 9, 10, 17ರಲ್ಲಿ 289 ಎಂಬುದು 181ಕ್ಕಿಂತ ಹಿರಿದು, ಒಂದು ವಿಶಾಲಕೋನ. ಈ ಮೂರೂ ವಿಷಮಗಳೇ. ದ್ವಿಸಮದ ಸ್ಥಿತಿಯೂ ಇದೇ: 5, 5, 6 ಲಘುಕೋನದ್ದು; 5, 5, 8 ವಿಶಾಲಕೋನದ್ದು.

ಕೋನವಿಚಾರವಿಲ್ಲದಿರುವುದು ಗ್ರಂಥದ ಕುಂದೇ? ಅಲ್ಲವೆಂದು ನಮ್ಮ ಅಭಿಪ್ರಾಯ. ಆಚಾರ್ಯರ ಉದ್ದೇಶ ಫಲಸಾಧನೆ. ಭುಜವರ್ಗಗಳ ಅಂತರವನ್ನು ಭೂಮಿಯಿಂದ ಭಾಗಿಸಿ, ಆ ಲಬ್ಧಕ್ಕೂ ಭೂಮಿಗೂ ಸಂಕ್ರಮಣ ಮಾಡಿದರೆ ಆಬಾಧೆಗಳು, ಅವುಗಳಿಂದ ಅವಲಂಬಕ, ಅದರಿಂದ ಸೂಕ್ಷ್ಮಫಲ. 13, 14, 15ಕ್ಕೆ ವ್ಯಾವಹಾರಿಕಫಲ 98, ಸೂಕ್ಷ್ಮಫಲ 84. ಕೋನವನ್ನು ಅಳೆಯುವ ಅಗತ್ಯವೇ ಇಲ್ಲಿ ಬಾರದು. ಕೋನಗಳನ್ನು ಆಧರಿಸಿದ ಯೂಕ್ಲಿಡನ ಪ್ರಮೇಯಗಳು ಸಂಸ್ಕೃತಕ್ಕೆ ಬಂದುದು 18ನೆಯ ಶತಮಾನದಲ್ಲಿ, ಜಗನ್ನಾಥ ಸಮ್ರಾಟನ ‘ರೇಖಾಗಣಿತ’ದ ಮೂಲಕ.

ಆದರೆ ಕೋನವು ಹೆಸರಿಲ್ಲದೆಯೂ ಈ ಗಣಿತದಲ್ಲಿ ಕಾಣಿಸಿಕೊಳ್ಳುತ್ತದೆ. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ (1150) ಭುಜಗಳು 10, 17, ಭೂಮಿ 9 ಆಗಿರುವ ಉದಾಹರಣೆಯುಂಟು. ಅಲ್ಲಿ ಲಂಬವು ಭೂಮಿಯ ಹೊರಗೆ ಬೀಳುತ್ತದೆ. ಆಬಾಧೆಗಳು ಋಣ 6 ಮತ್ತು 15, ಲಂಬ 8, ಫಲ 36. ಋಣ ಆಬಾಧೆಯೇ ವಿಶಾಲಕೋನದ ಲಕ್ಷಣ.

ಹಸ್ತಪ್ರತಿ ಪರಿಶೋಧಕರು ಜಾಗರೂಕರಾಗಿರಬೇಕಾದುದು ಇಲ್ಲಿಯೇ. ಋಣಸಂಖ್ಯೆಯ ಮೇಲೆ ಬಿಂದುವಿಡುವುದು ಪ್ರಾಚೀನ ಸಂಪ್ರದಾಯ. ಲಿಪಿಕಾರನಿಂದ ಆ ಬಿಂದು ಬಿಟ್ಟುಹೋದರೆ ಉಳಿಯುವ 6, 15ರ ಮೊತ್ತ 21, ಭೂಮಿಯಾದರೋ 9. ಎಲ್ಲ ತ್ರಿಭುಜಗಳಲ್ಲಿಯೂ ಲಂಬವು ಒಳಗೇ ಬೀಳುವುದೆಂದು ತಿಳಿದ ಸಂಪಾದಕನು ಅಂಕಗಳನ್ನೇ ಅಶುದ್ಧವೆಂದು ತಿದ್ದಿಯಾನು, ತಪ್ಪಿರುವುದಾದರೋ ಬಿಂದುಮಾತ್ರ.

ಆದುದರಿಂದ ಅನುವಾದದಲ್ಲಿ ಸಮ, ದ್ವಿಸಮ, ವಿಷಮ ಶಬ್ದಗಳನ್ನು ಮೂಲದಲ್ಲಿದ್ದಂತೆಯೇ ಉಳಿಸಿ, ಕೋನವಿಚಾರವನ್ನು ಟಿಪ್ಪಣಿಯಲ್ಲಿ ಪ್ರತ್ಯೇಕವಾಗಿ ಕೊಡುವುದು ಉಚಿತ. ಭುಜವರ್ಗಗಳನ್ನು ಪರೀಕ್ಷಿಸದೆ ಆಬಾಧೆಯ ಅಂಕವನ್ನಾಗಲಿ, ಪ್ರತಿಯಲ್ಲಿನ ಆಕೃತಿಯನ್ನಾಗಲಿ ತಿದ್ದುವುದು ಸರ್ವಥಾ ಸಲ್ಲದು.