ಸ್ವರವಚನಗಳ ಗೇಯತೆ

ಅಂಬ್ಲಿಗೊಳದ ಸುತ್ತಣ ಶಿಕಾರಿಪುರ-ಸೊರಬ ಸೀಮೆಯನ್ನು ಸಾಹಿತ್ಯಚರಿತ್ರಕಾರರು ನೆನೆಯುವುದು ಅಲ್ಲಮಪ್ರಭುವಿನ ಬಳ್ಳಿಗಾವೆಗಾಗಿ, ಅಕ್ಕಮಹಾದೇವಿಯ ಉಡುತಡಿಗಾಗಿ. ಸಂಗೀತದ ಚರಿತ್ರೆಯನ್ನು ಬರೆಯುವವರು ಮಾತ್ರ ಈ ಕಡೆಗೆ ತಿರುಗುವುದು ಅಪೂರ್ವ. ಹರಿಹರನೂ ಚಾಮರಸನೂ ಅಲ್ಲಮನನ್ನು ನುರಿತ ಮದ್ದಳೆಗಾರನಾಗಿ ಚಿತ್ರಿಸಿದ್ದಾರೆ. ಅದನ್ನು ಕಥೆಯ ಒಂದು ಅಲಂಕಾರವೆಂದಷ್ಟೇ ಬಗೆಯುವುದು ವಾಡಿಕೆಯಾಗಿದೆ. ಈ ವಾಡಿಕೆ ಸಾಧುವಲ್ಲವೆಂದು ನಮ್ಮ ಅಭಿಪ್ರಾಯ.

ಶರಣರ ಹೆಸರಿನಲ್ಲಿ ಉಳಿದು ಬಂದ ರಚನೆಗಳಲ್ಲಿ ಗದ್ಯಲಯದ ವಚನಗಳಲ್ಲದೆ ಸ್ವರವಚನಗಳೆಂಬ ಹಾಡುಗಳೂ ಇವೆ. ಮೊದಲಿಗೆ ಪಲ್ಲವಿ, ಅನಂತರ ನುಡಿಗಳು, ಕೊನೆಯಲ್ಲಿ ಅಂಕಿತ: ಮುಂದೆ ಹರಿದಾಸರ ಕೀರ್ತನೆಗಳಲ್ಲಿ ಕಾಣುವ ಕಟ್ಟಡವೇ ಇದು. ಹಸ್ತಪ್ರತಿಗಳಲ್ಲಿ ಎಷ್ಟೋ ಹಾಡುಗಳಿಗೆ ರಾಗದ ಹೆಸರೂ ಉಂಟು. ಆ ಪ್ರತಿಗಳು ಶರಣರ ಕಾಲಕ್ಕಿಂತ ಬಹಳ ಈಚಿನವು. ಆದುದರಿಂದ ಪ್ರತಿಯೊಂದು ಹಾಡನ್ನೂ ಹನ್ನೆರಡನೆಯ ಶತಮಾನದ್ದೆಂದು ಸಾಧಿಸಹೊರಡುವುದು ದುಸ್ಸಾಹಸ. ಆದರೆ ಹಾಡುವ ಸಂಪ್ರದಾಯವೇ ಈಚಿನದೆನ್ನುವಂತಿಲ್ಲ. ಬಳ್ಳಿಗಾವೆ ಸೇರಿದ್ದ ಚಾಲುಕ್ಯ ರಾಜ್ಯದ ದೊರೆ ಮೂರನೆಯ ಸೋಮೇಶ್ವರನೇ ತನ್ನ 'ಮಾನಸೋಲ್ಲಾಸ'ದಲ್ಲಿ ದೇಶೀ ಪ್ರಬಂಧಗಳನ್ನು ಬಣ್ಣಿಸುತ್ತ, ಕಥೆಗೆ ಷಟ್ಪದಿ, ಮದುವೆಗೆ ಧವಳ ಎಂದು ಅವುಗಳ ಸಂದರ್ಭಗಳನ್ನೂ ಹೇಳಿದ್ದಾನೆ. ಅಕ್ಕನ ಹೆಸರಿನಲ್ಲಿರುವ 'ಯೋಗಾಂಗತ್ರಿವಿಧಿ'ಯೂ ತ್ರಿಪದಿಯಲ್ಲಿದೆ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಂಡು ಬಂದುದೂ ಇದೇ ಮಟ್ಟು.

ಹೀಗಿದ್ದೂ ಇವು ಕಿವಿಯಿಂದ ದೂರವಾದುದೇಕೆ? 1923ರಲ್ಲಿ ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಂದಿನಿಂದ ವಚನವೆಂದರೆ ಓದುವ, ಅರ್ಥವಿಡುವ ಕೃತಿ ಎಂಬ ಭಾವನೆ ಬಲಿಯಿತು. ಆ ಮಹೋಪಕಾರವನ್ನು ಯಾರೂ ಅಲ್ಲಗಳೆಯಲಾರರು. ಮುಂದೆ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಮೊದಲಾದವರು ವಚನಗಳನ್ನು ಹಿಂದೂಸ್ಥಾನಿ ರಾಗಗಳಲ್ಲಿ ಮನಮುಟ್ಟುವಂತೆ ಹಾಡಿದರು. ಮನಸೂರರ ಕಂಠದಲ್ಲಿ ಗದ್ಯದ ಒಂದು ಸಾಲು ಆಲಾಪಕ್ಕೆ ಎಡೆಗೊಡುವ ಬಗೆ ನಿಜಕ್ಕೂ ಸೋಜಿಗವೇ. ಆದರೂ ಹಾಡಲೆಂದೇ ಕಟ್ಟಿದ ಸ್ವರವಚನಗಳು ಮೂಲೆಯಲ್ಲುಳಿದು, ಗದ್ಯವಚನಗಳು ಹಾಡುಗಳಾದುದು ವಿಚಿತ್ರ!

ಸ್ವರವಚನಗಳ ತರುವಾಯದ ವಾಗ್ಗೇಯಕಾರರ ಪಾಡೂ ಇದೇ. 'ಕೈವಲ್ಯಪದ್ಧತಿ'ಯ ನಿಜಗುಣ ಶಿವಯೋಗಿ, 'ಸುಬೋಧಸಾರ'ದ ಮುಪ್ಪಿನ ಷಡಕ್ಷರಿ, 'ಕೈವಲ್ಯಕಲ್ಪವಲ್ಲರಿ'ಯ ಸರ್ಪಭೂಷಣ ಶಿವಯೋಗಿ, ಇವರನ್ನು ಭಜನೆಯ ಮೇಳಗಳು ಬಲ್ಲಷ್ಟು ಸಂಗೀತದ ಸಭೆಗಳು ಅರಿಯವು.

ಪಶ್ಚಿಮದಲ್ಲಿ ಆರ್ನಲ್ಡ್ ಡಾಲ್ಮೆಚ್ ಮೊದಲಾದವರು ಹಳೆಯ ಸಂಗೀತವನ್ನು ಎತ್ತಿ ನಿಲ್ಲಿಸಿದಾಗ ಅವರಿಗೆ ಬರೆದಿಟ್ಟ ಸ್ವರಲಿಪಿಯ ಆಸರೆಯಿತ್ತು. ನಮಗಿರುವುದು ರಾಗದ ಹೆಸರು ಮಾತ್ರ. ಅದೇ ಹೆಸರಿನ ರಾಗ ಇಂದು ಬೇರೆ ರೂಪ ತಾಳಿರಬಹುದು. ಆದುದರಿಂದ ಹಳೆಯ ಧಾಟಿಯನ್ನೇ ಮರಳಿ ಪಡೆದೆವೆಂಬ ಹಮ್ಮು ಸಲ್ಲದು. ಪಲ್ಲವಿ ನುಡಿಯಿಂದ ನುಡಿಗೆ ಮರಳಿ ಬರುವಾಗ ಅದರ ಅರ್ಥ ಬೆಳೆಯುವ ಕ್ರಮವಾದರೋ ಯಾವ ಮಟ್ಟಿನಲ್ಲಿ ಹಾಡಿದರೂ ತಿಳಿಯುತ್ತದೆ, ಮೌನವಾಗಿ ಓದಿದರೆ ತಿಳಿಯುವುದಿಲ್ಲ. ಕನ್ನಡ ಅಧ್ಯಾಪಕರು ತರಗತಿಗೆ ಹಾಡಬಲ್ಲವರೊಬ್ಬರನ್ನು ಕರೆತಂದು, ಒಂದೇ ಸ್ವರವಚನವನ್ನು ಮೊದಲು ಓದಿಸಿ, ಬಳಿಕ ಹಾಡಿಸಿ ನೋಡಬಹುದು.